ಬಸಿರು, ಬಾಣಂತನದ ಖಿನ್ನತೆ: ಕಾನೂನು ಏನು ಹೇಳುತ್ತದೆ?

2023ರ ಅಕ್ಟೋಬರ್‌ನಲ್ಲಿ ಇಪ್ಪತ್ತೇಳು ವರ್ಷದ, ಎರಡು ಮಕ್ಕಳ ತಾಯಿಯೊಬ್ಬರ ಅರ್ಜಿ ಸುಪ್ರೀಂ ಕೋರ್ಟ್ ಮುಂದಿತ್ತು. ಎರಡನೇ ಹೆರಿಗೆಯ ನಂತರ, ನಮ್ಮ ಕಡೆ ಬಾಣಂತಿ ಸನ್ನಿ ಎನ್ನುತ್ತೇವಲ್ಲ, ಅಂಥ ಕಾಯಿಲೆಗೆ ಅವರು ಔಷಧಿ ತೆಗೆದುಕೊಳ್ಳುತ್ತಿದ್ದರು. ಮಗುವಿಗೆ ಹಾಲೂಡಿಸುತ್ತಿದ್ದುದರಿಂದ ಮುಟ್ಟು ನಿಂತಿತ್ತು. ಮತ್ತೆ ಬಸಿರಾಗಿರುವುದು ಗೊತ್ತಾಗುವಷ್ಟರಲ್ಲಿ ಸುಮಾರು 24 ವಾರ ಆಗಿಹೋಗಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಮೊದಲು ಗರ್ಭಪಾತಕ್ಕೆ ಒಪ್ಪಿತು. ಭ್ರೂಣ ಬದುಕುವ ಸಾಧ್ಯತೆಯಿದೆ ಎಂದು ಏಮ್ಸ್ ವೈದ್ಯರು ತಿಳಿಸಿದ ಮೇಲೆ ಪೀಠದಲ್ಲಿ ಭಿನ್ನಾಭಿಪ್ರಾಯ ಬಂತು. ಆ ಹೆಣ್ಣುಮಗಳ ತೀರ್ಮಾನವನ್ನು ಗೌರವಿಸಬೇಕು ಎಂದು ಗಟ್ಟಿಯಾಗಿ ನಿಂತವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊನೆಗೆ ಅ. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು: 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ.

ಬಸಿರು ಕೆಲವು ವಾರ ಮೊದಲೇ ಗೊತ್ತಾಗಿದ್ದರೆ ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಇರುತ್ತಿರಲಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು ಎನ್ನುತ್ತದೆ. ಹೆಣ್ಣಿನ ದೈಹಿಕ ಆರೋಗ್ಯಕ್ಕೆ ಎಷ್ಟು ಬೆಲೆಯೋ ಮಾನಸಿಕ ಆರೋಗ್ಯಕ್ಕೂ ಅಲ್ಲಿ ಅಷ್ಟೇ ಬೆಲೆ. ಗರ್ಭನಿರೋಧಕ ವಿಫಲವಾಗಿ ಬಸಿರು ನಿಂತರೆ, ಅದರಿಂದಾದ ಸಂಕಟವನ್ನೇ ಮಾನಸಿಕ ಆರೋಗ್ಯಕ್ಕೆ ಗಂಭೀರ ಧಕ್ಕೆ ಎಂದು ಪರಿಗಣಿಸಬಹುದು. ಮದುವೆಯಾಗಿರಲೇಬೇಕು ಎಂಬ ಷರತ್ತಿಲ್ಲ. ಅತ್ಯಾಚಾರದಿಂದಾದ ಬಸಿರಿನ ಸಂಕಟವನ್ನಂತೂ ಹಾಗೆ ಪರಿಗಣಿಸಲೇಬೇಕು. ಹೆಣ್ಣು ಬದುಕುತ್ತಿರುವ ಪರಿಸ್ಥಿತಿಯನ್ನೂ, ಅಂದರೆ ಮನೆಯ ಬಡತನ, ಹಿಂಸೆ, ಒಂಟಿತನಗಳನ್ನೂ ವೈದ್ಯರು ಗಮನಿಸಬಹುದು.

20ರಿಂದ 24 ವಾರದ ನಡುವೆ ಇಬ್ಬರು ವೈದ್ಯರು ಒಪ್ಪಬೇಕು. ಈ ಅವಕಾಶ ಎಲ್ಲರಿಗೂ ಇಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು, ಮಾನಸಿಕ ಕಾಯಿಲೆ ಇರುವವರು ಮುಂತಾದವರು ಈ ಪಟ್ಟಿಯಲ್ಲಿದ್ದಾರೆ. ಅವಿವಾಹಿತೆಯರನ್ನೂ ಹೊರಗಿಡುವಂತಿಲ್ಲ, ಗಂಡನ ಬಲಾತ್ಕಾರದಿಂದಾದ ಬಸಿರೂ ಇದರಲ್ಲಿ ಸೇರುತ್ತದೆ ಎಂದು 2022ರ ಸೆ. 29ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದರೆ ಆಸ್ಪತ್ರೆಯಲ್ಲಿ ಕೇಳಿಬರುವ ಮೊದಲ ಮಾತು ಬೇರೆಯೇ. "ಗಂಡನ್ನ ಕರ್ಕೊಂಡ್ ಬಾಮ್ಮಾ, ಸಹಿ ಬೇಕು." ಇದು ಕಾನೂನಿನಲ್ಲಿಲ್ಲ. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಅದಕ್ಕೆಂದೇ ಇರುವ ಫಾರಂ 'ಸಿ'ಯಲ್ಲಿ ಆಕೆ ಸಹಿ ಹಾಕಬೇಕು. ಅಪ್ರಾಪ್ತೆಯಾಗಿದ್ದರೆ ಅಥವಾ ಕಾಯ್ದೆಯ ಅರ್ಥದಲ್ಲಿ ಮನೋರೋಗಿಯಾಗಿದ್ದರೆ ಮಾತ್ರ ಪಾಲಕರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರವನ್ನು ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಊರಿಗೆಲ್ಲ ಗೊತ್ತಾದೀತು ಎಂಬ ಭಯಕ್ಕೆ ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತಂದು ನುಂಗಬೇಡಿ. ಸರ್ಕಾರಿ ಆಸ್ಪತ್ರೆ ಅಥವಾ ಸರ್ಕಾರದ ಅನುಮೋದನೆಯಿರುವ ಆಸ್ಪತ್ರೆಗೇ ಹೋಗಿ.

ಹೆತ್ತ ಮೇಲಿನ ಖಿನ್ನತೆಯನ್ನು ನಮ್ಮ ಮನೆಗಳಲ್ಲಿ ದೃಷ್ಟಿ, ಗಾಳಿ, ಸೋಮಾರಿತನ ಎಂದೆಲ್ಲ ಕರೆದು ಮುಚ್ಚಿಹಾಕುತ್ತಾರೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಇಂಥ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ತಾಯಿಯನ್ನು ದಾಖಲಿಸಿಕೊಂಡಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಆಕೆಯಿಂದ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಬೇರ್ಪಡಿಸಿದರೂ ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ಘಟಕವೇ ಇದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಇದೇ ಕಾಯ್ದೆ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ.

ನೌಕರಿಯಲ್ಲಿರುವವರಿಗೆ ಹೆರಿಗೆ ಸೌಲಭ್ಯ ಕಾನೂನಿನಡಿ ಗರ್ಭಪಾತದ ನಂತರ ಆರು ವಾರ ಸಂಬಳಸಹಿತ ರಜೆಯಿದೆ. ಬಸಿರು, ಹೆರಿಗೆಯಿಂದ ಬಂದ ಕಾಯಿಲೆಗೆ ಇನ್ನೂ ಒಂದು ತಿಂಗಳು ಸಿಗುತ್ತದೆ. ಮೈಯ ಕಾಯಿಲೆಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ, ಮನೋವೈದ್ಯರ ಪ್ರಮಾಣಪತ್ರ ಲಗತ್ತಿಸಿ ಕೇಳಿ.

ಸಾಕಲು ಆಗುವುದೇ ಇಲ್ಲ ಎಂದಾದರೆ? ಕೂಸನ್ನು ಪೊದೆಯಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟುಹೋಗುವುದು ಅಪರಾಧ, ಕೂಸಿನ ಜೀವಕ್ಕೂ ಕುತ್ತು. 2015ರ ಬಾಲನ್ಯಾಯ ಕಾಯ್ದೆಯಡಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಕಾಲಾವಕಾಶವಿದೆ.

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಯವರು ಸತಾಯಿಸಿದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಈ ಎರಡು ನಂಬರುಗಳನ್ನು ನಿಮ್ಮೂರಿನ ಬಸುರಿಯರ ತಾಯಿ ಕಾರ್ಡಿನ ಹಿಂದೆ ಬರೆದುಕೊಡಿ.