ನದಿಯ ಮೇಲಿನ ದೋಣಿಗಳು: ಮೋನೆಯ ಒಂದು ಚಿತ್ರದಿಂದ ಕಲಿಯುವ ಪಾಠ

ನೀರಿನ ಬಣ್ಣ ಯಾವುದೆಂದು ಕೇಳಿದರೆ ಚಿತ್ರಕಲೆಯ ತರಗತಿಯ ಮಕ್ಕಳು ಒಕ್ಕೊರಲಿನಿಂದ ‘ನೀಲಿ’ ಎನ್ನುತ್ತಾರೆ. ಈ ಉತ್ತರವನ್ನು ಅವರು ನದಿಯಿಂದ ಕಲಿತಿಲ್ಲ, ನಮ್ಮಿಂದ ಕಲಿತಿದ್ದಾರೆ. ಇಂಥ ಅಭ್ಯಾಸವನ್ನು ಪ್ರಶ್ನಿಸಿದ ಕೃತಿಗಳಲ್ಲಿ ಫ್ರಾನ್ಸಿನ ಕ್ಲೋದ್ ಮೋನೆ (1840–1926) 1872ರ ಸುಮಾರಿಗೆ ರಚಿಸಿದ ‘ಆರ್ಜಾಂತೋಯ್ ದೋಣಿಪಂದ್ಯ’ ಒಂದು.

ಆರ್ಜಾಂತೋಯ್ ಪ್ಯಾರಿಸ್ ನಗರದ ಸಮೀಪದಲ್ಲಿ, ಸೇನ್ ನದಿಯ ದಡದಲ್ಲಿರುವ ಊರು. ರೈಲಿನ ಸೌಕರ್ಯವಿದ್ದುದರಿಂದ ನಗರವಾಸಿಗಳು ಬಿಡುವಿನ ದಿನಗಳಲ್ಲಿ ಹಾಯಿದೋಣಿಗಳ ವಿಹಾರಕ್ಕೆ ಅಲ್ಲಿಗೆ ಬರುತ್ತಿದ್ದರು. 1871ರ ಕೊನೆಯಲ್ಲಿ ಅಲ್ಲಿ ನೆಲೆಸಿದ ಮೋನೆ 1878ರವರೆಗೂ ಅಲ್ಲಿಯೇ ಇದ್ದನು. ದೋಣಿಯೊಂದನ್ನು ಚಿತ್ರಶಾಲೆಯನ್ನಾಗಿ ಮಾಡಿಕೊಂಡು ನದಿಯ ಮೇಲೆಯೇ ಕುಳಿತು ಚಿತ್ರ ಬರೆಯುತ್ತಿದ್ದನು. 1841ರಲ್ಲಿ ರೂಪುಗೊಂಡ ತವರದ ಬಣ್ಣದ ಕೊಳವೆ, ತೈಲವರ್ಣವನ್ನು ಹೊರಗೆ ಒಯ್ಯುವುದನ್ನು ಕಲಾವಿದರಿಗೆ ಸುಲಭಗೊಳಿಸಿತ್ತು.

ಸುಮಾರು 48 ಸೆಂಟಿಮೀಟರ್ ಎತ್ತರ, 75 ಸೆಂಟಿಮೀಟರ್ ಅಗಲದ ಚಿಕ್ಕ ಚಿತ್ರವಿದು. ಮೇಲ್ಭಾಗದಲ್ಲಿ ಆಕಾಶ, ಬಿಳಿಯ ಹಾಯಿಗಳು, ಬಲದಂಡೆಯ ಕೆಂಪು ಮನೆ, ಹಸಿರು ಮರಗಳು. ಕೆಳಭಾಗದಲ್ಲಿ ಅವೆಲ್ಲವುಗಳ ಪ್ರತಿಬಿಂಬ. ಆದರೆ ಅಲ್ಲಿ ಹಾಯಿ ಹಾಯಿಯಾಗಿ ಉಳಿದಿಲ್ಲ, ಮನೆ ಮನೆಯಾಗಿ ಉಳಿದಿಲ್ಲ. ಬಿಳಿ, ಕೆಂಪು, ಹಸಿರುಗಳ ಅಗಲವಾದ ಬಿಡಿಬಿಡಿ ಪಟ್ಟೆಗಳಾಗಿವೆ. ಹತ್ತಿರದಿಂದ ನೋಡಿದರೆ ಕುಂಚದ ಗುರುತುಗಳು ಮಾತ್ರ. ಹಿಂದೆ ಸರಿದು ನೋಡಿದರೆ ನೀರು ಅಲುಗುತ್ತದೆ.

ಇದು ಕೇವಲ ಕಲಾವಿದನ ಸ್ವಚ್ಛಂದವಲ್ಲ. ಅಲೆಯಾಡುವ ನೀರಿನ ಮೈ ಬೇರೆ ಬೇರೆ ಕಡೆಗೆ ಓರೆಯಾದ ಅನೇಕ ಸಣ್ಣ ಕನ್ನಡಿಗಳಿದ್ದಂತೆ. ಒಂದೊಂದು ಇಳಿಜಾರು ಒಂದೊಂದು ವಸ್ತುವಿನ ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸುವುದರಿಂದ ಪ್ರತಿಬಿಂಬ ಒಡೆಯುತ್ತದೆ. ಮೋನೆ ತಾನು ತಿಳಿದುದನ್ನು ಬದಿಗಿಟ್ಟು ಕಂಡುದನ್ನು ಬರೆದನು.

ಕಾಲವು ಇದನ್ನು ಕೂಡಲೆ ಒಪ್ಪಲಿಲ್ಲ. 1874ರಲ್ಲಿ ಮೋನೆ ಮತ್ತು ಗೆಳೆಯರು ಪ್ಯಾರಿಸಿನಲ್ಲಿ ಪ್ರದರ್ಶನ ನಡೆಸಿದಾಗ ವಿಮರ್ಶಕ ಲೂಯಿ ಲೆರ್ವಾ ಹಾಸ್ಯಕ್ಕೆಂದು ಬಳಸಿದ ‘ಇಂಪ್ರೆಷನಿಸ್ಟ್’ ಎಂಬ ಮಾತೇ ಅವರ ಪಂಥದ ಹೆಸರಾಗಿ ನಿಂತಿತು. ಈ ಚಿತ್ರವನ್ನು ಉಳಿಸಿ ಸಾರ್ವಜನಿಕರಿಗೆ ತಲುಪಿಸಿದವನು ಅವರ ಸಹಕಲಾವಿದ ಗುಸ್ತಾವ್ ಕೈಬೋತ್. ಅವನು 1894ರಲ್ಲಿ ತೀರಿಕೊಂಡಾಗ ತನ್ನ ಸಂಗ್ರಹವನ್ನು ರಾಷ್ಟ್ರಕ್ಕೆ ಬಿಟ್ಟುಹೋಗಿದ್ದನು. ಸರಕಾರ ಅದರಲ್ಲಿ ಒಂದು ಭಾಗವನ್ನು ಮಾತ್ರ ಸ್ವೀಕರಿಸಿತು. ಸ್ವೀಕೃತವಾದ ಈ ಚಿತ್ರ ಈಗ ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ.

ನೀರಿಗೆ ಕೆಂಪು ಬಣ್ಣ ಹಚ್ಚಿದ ಬಾಲಕನ ಹಾಳೆಯನ್ನು ತಿದ್ದುವ ಮುನ್ನ, ಅವನು ಕುಳಿತಿದ್ದ ಸ್ಥಳದಲ್ಲಿ ನಾವೂ ಒಮ್ಮೆ ಕುಳಿತು ನೋಡಬೇಕು. ದಡದಲ್ಲಿ ಹೆಂಚಿನ ಮನೆಯೊಂದು ಇದ್ದಿರಬಹುದು.