ಗೆದ್ದರೂ ಬಿದ್ದರೂ ಅವಳು ನಿಮ್ಮ ಮಗಳೇ



ನಂದಗುಡಿಯ ಒಂದು ಮನೆಯಂಗಳದಲ್ಲಿ ಆರು ವರ್ಷದ ಹುಡುಗಿ ಸರಸರನೆ ಲಾಗ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಶಾಲೆಯ ದೈಹಿಕ ಶಿಕ್ಷಕರು ಅದನ್ನು ನೋಡಿ, “ಇವಳನ್ನು ಬೆಂಗಳೂರಿನಲ್ಲಿ ಜಿಮ್ನಾಸ್ಟಿಕ್ಸ್ ತರಬೇತಿಗೆ ಸೇರಿಸಿ” ಅನ್ನುತ್ತಾರೆ. ನೀವು ಏನು ಉತ್ತರ ಕೊಡುವಿರಿ? ಹೆಣ್ಣುಮಗುವಿಗೆ ಇದೆಲ್ಲ ಏಕೆಂದು ತಳ್ಳಿಹಾಕುವಿರಾ? ಅಥವಾ ಅಂದಿನಿಂದಲೇ ಪದಕದ ಕನಸು ಕಾಣುವಿರಾ? ಇಬ್ಬರು ಹೆಣ್ಣುಮಕ್ಕಳ ಬದುಕಿನಿಂದ ಉತ್ತರ ಹುಡುಕೋಣ.

ಮೊದಲನೆಯವರು ತ್ರಿಪುರದ ಅಗರ್ತಲದ ದೀಪಾ ಕರ್ಮಾಕರ್. 1993ರಲ್ಲಿ ಹುಟ್ಟಿದ ಇವರು ಆರನೆಯ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದರು. ಇವರದು ಚಪ್ಪಟೆ ಪಾದ. ಓಡಿ ಜಿಗಿಯುವ ಆಟಕ್ಕೆ ಅದೊಂದು ದೊಡ್ಡ ಅಡ್ಡಿ. ಗುರು ಬಿಶ್ವೇಶ್ವರ ನಂದಿಯವರ ತಾಳ್ಮೆಯ ತರಬೇತಿಯಿಂದ ಆ ಅಡ್ಡಿಯನ್ನು ದಾಟಿದರು. 2014ರ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2016ರಲ್ಲಿ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಆದರು. ರಿಯೊದಲ್ಲಿ ಅವರು ಆಯ್ದುಕೊಂಡದ್ದು ಪ್ರೊಡುನೋವಾ ಎಂಬ ವಾಲ್ಟ್. ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಇಳಿಯಬೇಕು. ಲೆಕ್ಕ ತಪ್ಪಿದರೆ ಕುತ್ತಿಗೆಗೇ ಅಪಾಯ. ಅಂದು ಅವರಿಗೆ ಬಂದದ್ದು 15.066 ಅಂಕ. ಕೇವಲ 0.150 ಅಂಕದಿಂದ ಕಂಚು ಕೈತಪ್ಪಿತು.

ಮುಂದಿನ ದಾರಿ ಸುಗಮವಾಗಿರಲಿಲ್ಲ. 2017ರಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ನಡೆದ ವಿಶ್ವ ಚಾಲೆಂಜ್ ಕಪ್‌ನಲ್ಲಿ ಚಿನ್ನ ಗೆದ್ದರು. 2021ರಲ್ಲಿ ಕೊಟ್ಟ ಮಾದರಿಯಲ್ಲಿ ನಿಷೇಧಿತ ವಸ್ತು ಕಂಡುಬಂದು 21 ತಿಂಗಳ ಅಮಾನತು ಅನುಭವಿಸಿದರು. ಅದು ತಿಳಿಯದೆ ದೇಹ ಸೇರಿತೆಂದು ಅವರು ಹೇಳಿದರು. ಆದರೂ ಮರಳಿ ಬಂದು, 2024ರಲ್ಲಿ ಏಷ್ಯಾ ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದ ಮೊದಲ ಭಾರತೀಯ ಜಿಮ್ನಾಸ್ಟ್ ಎನಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿವೃತ್ತರಾದರು.

ಇನ್ನೊಬ್ಬರು ಅಮೆರಿಕದ ಸಿಮೋನ್ ಬೈಲ್ಸ್. ಹೆತ್ತ ತಾಯಿಗೆ ಸಾಕಲಾಗದೆ ಹೋದಾಗ ಅಜ್ಜ ರಾನ್ ಮತ್ತು ಅವರ ಪತ್ನಿ ನೆಲ್ಲಿ ದತ್ತು ಪಡೆದು, ಕಥೋಲಿಕ ವಿಶ್ವಾಸದಲ್ಲಿ ಬೆಳೆಸಿದರು. 2016ರಲ್ಲಿ ನಾಲ್ಕು ಚಿನ್ನ ಗೆದ್ದ ಇವರು, 2021ರಲ್ಲಿ ಟೋಕಿಯೊದಲ್ಲಿ ಗಾಳಿಯಲ್ಲಿದ್ದಾಗ ದಿಕ್ಕಿನ ಅರಿವೇ ತಪ್ಪಿದಂತಾಗಿ ತಂಡದ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಹಲವರು ಹೇಡಿ ಎಂದರು. ಆದರೆ ಆಡಿದ್ದರೆ ಬೆನ್ನುಮೂಳೆಯೇ ಮುರಿಯಬಹುದಿತ್ತು. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು.

ಇವರ ಬದುಕಿನಲ್ಲಿ ಕಹಿಯಾದ ಇನ್ನೊಂದು ಪಾಠವಿದೆ. ತಂಡದ ವೈದ್ಯನೇ ಅನೇಕ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ತಾನೂ ಅದಕ್ಕೆ ಬಲಿಯಾದೆನೆಂದು ಸಿಮೋನ್ 2018ರಲ್ಲಿ ಬಹಿರಂಗಪಡಿಸಿದರು. ಮಕ್ಕಳು ಹೇಳಿದಾಗ ದೊಡ್ಡವರು ಕಿವಿಗೊಡಲಿಲ್ಲ. ಪದಕದ ಹೊಳಪಿನಲ್ಲಿ ಮಕ್ಕಳ ಕಣ್ಣೀರು ಕಾಣಲಿಲ್ಲ.

ಆದ್ದರಿಂದ ಹೆತ್ತವರೇ, ಮಗಳ ಪ್ರತಿಭೆಗೆ ಬಾಗಿಲು ಹಾಕಬೇಡಿ. ಆದರೆ ಅವಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಕೈತೊಳೆದುಕೊಳ್ಳಲೂಬೇಡಿ. ತರಬೇತಿ ನಡೆಯುವಾಗ ಆಗಾಗ ಹೋಗಿ ಕುಳಿತುಕೊಳ್ಳಿ. ವೈದ್ಯರನ್ನು ಕೇಳದೆ ಶಕ್ತಿಯ ಪುಡಿ, ಮಾತ್ರೆ ಕೊಡಬೇಡಿ. “ನೋವಾಗುತ್ತಿದೆ” ಎಂದರೆ ನಂಬಿ. “ಆ ಸಾರ್ ಬಳಿ ಹೋಗಲ್ಲ” ಎಂದರೆ ಗದರಿಸದೆ ಕಾರಣ ಕೇಳಿ. ನಮ್ಮ ದೇಹವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕಲಿಸುತ್ತಾರೆ. ಮಗುವಿನ ದೇಹಕ್ಕೂ ಆ ಮಾತು ಸಲ್ಲುತ್ತದೆ. ಯಾವ ಪದಕವೂ ಅದಕ್ಕಿಂತ ದೊಡ್ಡದಲ್ಲ.

ಕುಟುಂಬದಲ್ಲಿ ಚರ್ಚಿಸಿರಿ:

1. ನಮ್ಮ ಮಗಳು ಸೋತು ಬಂದ ದಿನ ನಾವು ಆಡುವ ಮೊದಲ ಮಾತು ಯಾವುದು?

2. “ಇಂದು ನನ್ನಿಂದಾಗದು” ಎನ್ನುವ ಧೈರ್ಯ ನಮ್ಮ ಮನೆಯ ಮಕ್ಕಳಿಗಿದೆಯೇ?

3. ಹೇಳಲು ನಾಚಿಕೆಪಡುವ ಸಂಗತಿಯನ್ನು ಮಕ್ಕಳು ಮೊದಲು ಯಾರ ಬಳಿ ಹೇಳುತ್ತಾರೆ? ನಮ್ಮ ಬಳಿ ಅಲ್ಲವಾದರೆ, ಏಕೆ?