ಕಥೆಯಲ್ಲಿ ಹಿನ್ನೋಟ

ನಾವು ಕಾಣುವ ಸೂರ್ಯನು ಸುಮಾರು 8 ನಿಮಿಷಗಳಷ್ಟು ಹಿಂದಿನವನು. ಆದರೂ ಆ ಹಳೆಯ ಬೆಳಕಿನಲ್ಲಿಯೇ ಈ ಕ್ಷಣದ ದಾರಿ ಕಾಣುತ್ತದೆ. ಕಥೆಯಲ್ಲಿ ಹಿನ್ನೋಟದ ಕಾರ್ಯವೂ ಇಂತಹುದೇ. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಕಾದಂಬರಿಯಲ್ಲಿ ಯುದ್ಧವನ್ನು ಇದಿರುಗೊಂಡ ಪಾತ್ರಗಳ ನೆನಪುಗಳೇ ಕಥೆಯ ಬಹುಭಾಗವನ್ನು ಹೊರುತ್ತವೆ.

ಹಿನ್ನೋಟಕ್ಕೆ ಒಂದು ನಿಮಿತ್ತ ಬೇಕು. ಕಲಬುರಗಿಯಲ್ಲಿ ಓದುತ್ತಿರುವ ಯುವಕನೊಬ್ಬನು ಮಾರುಕಟ್ಟೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಾಣುತ್ತಾನೆಂದು ಭಾವಿಸೋಣ. ತಂದೆಯು ಸಾಲಕ್ಕಾಗಿ ಮಾರಿದ ತೋಟವು ಅವನಿಗೆ ನೆನಪಾಗುತ್ತದೆ. “ಅಂದು ತೋಟ ಅಳೆಯಲು ಬಂದಿದ್ದರು” ಎಂಬಲ್ಲಿನ ‘ಇದ್ದರು’ ಓದುಗನನ್ನು ಹಿಂದಕ್ಕೆ ಒಯ್ಯುತ್ತದೆ. ಅನಂತರ ಸಾಮಾನ್ಯ ಭೂತಕಾಲವೇ ಸಾಕು. ಮರಳಿದಾಗ ವರ್ತಮಾನವು ಬದಲಾಗಿರಬೇಕು: ಯುವಕನು ಹಣ್ಣನ್ನು ಕೊಳ್ಳದೆ ಮುಂದೆ ಸಾಗುತ್ತಾನೆ, ಕಾರಣವನ್ನು ಹೇಳಬೇಕಾಗಿಲ್ಲ. ತೆಗೆದುಹಾಕಿದರೂ ಕಥೆಗೆ ಕುಂದುಂಟುಮಾಡದ ಹಿನ್ನೋಟವು ಅನಾವಶ್ಯಕವೆಂದೇ ತಿಳಿಯಬೇಕು.